ಮುಳ್ಳು ನಡುವೆಯೇ ನಿಂತಿತ್ತು

ಆತಗೂರು
9 ಫೆಬ್ರವರಿ 2025, ಭಾನುವಾರ

ಸ್ವರೂಪ್ ಅವರಿಗೆ,

ಹೆಸರಿನ ಹಿಂದೆ ‘ಪ್ರೀತಿಯ’ ಎಂದು ಬರೆಯಲೋ ಬೇಡವೋ ಎಂದು ಪೆನ್ನು ಹಿಡಿದುಕೊಂಡು ಸುಮಾರು ಹೊತ್ತು ಕೂತಿದ್ದೆ. ಕೊನೆಗೆ ಆ ಜಾಗ ಖಾಲಿ ಬಿಟ್ಟಿದ್ದೇನೆ. ಓದಿ ಮುಗಿಸಿದ ಮೇಲೆ ಬೇಕೆನಿಸಿದರೆ ನೀವೇ ಸೇರಿಸಿಕೊಳ್ಳಿ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ಬರೆದು ಕೊಡು ಅಂದವರು ನೀವೇ ಅಲ್ಲವೇ? ಮಳವಳ್ಳಿಯಲ್ಲಿ ನಿಮ್ಮ ಚಿಕ್ಕಪ್ಪನ ಮಗಳ ನಿಶ್ಚಿತಾರ್ಥದ ದಿನ, ಎಲೆ ಹಾಕುವ ಹೊತ್ತಿನಲ್ಲಿ, ನೆಂಟರೆಲ್ಲರ ಎದುರಿಗೆ ಅಂದಿರಿ: “ಮುಳ್ಳು ನೋಡ್ದೆ ಓಡ್ಸಿ ಇಂಜಿನ್ ಸುಟ್ಟೆ ಅಂತ ಬರ್ದು ಕೊಡು, ಮನೆಗೆ ಬತ್ತೀನಿ. ಅಲ್ಲೀತನಕ ಬರಾಕಿಲ್ಲ.” ನಾನು ಟೆಂಪರೇಚರ್ ಮುಳ್ಳು ನೋಡುತ್ತಲೇ ಇದ್ದೆ, ಅದು ಏರದೆ ನಡುವೆಯೇ ನಿಂತಿತ್ತು ಅಂದೆ. ನೀವು ಸುಳ್ಳಿ ಅಂದಿರಿ. ನಿಮ್ಮ ಕಾರನ್ನು ನೆಂಟರಿಗೆ ತೋರಿಸಬೇಕು, ಓಡಿಸಿಕೊಂಡು ಬಾ ಎಂದು ಹಿಂದಿನ ದಿನ ಫೋನ್ ಮಾಡಿದವರೂ ನೀವೇ. ಅದನ್ನು ಆವತ್ತು ಯಾರೂ ನೆನೆಸಿಕೊಳ್ಳಲಿಲ್ಲ. ಆಮೇಲೆ ಆಫೀಸಿಗೆ ಹತ್ತಿರ ಎಂದು ಮಳವಳ್ಳಿಯಲ್ಲೇ ರೂಮು ಮಾಡಿದಿರಿ. ಹದಿನಾಲ್ಕು ತಿಂಗಳಾಯಿತು. ಹಬ್ಬಕ್ಕೆ ಬಂದರೂ ಜಗಲಿಯಲ್ಲೇ ಕೂತು, ಅತ್ತೆ ಕೊಟ್ಟ ಕಾಫಿ ಕುಡಿದು, ಒಳಗೆ ಕಾಲಿಡದೆ ಹೋದಿರಿ.

ಒಂದು ಕಾರಿಗೋಸ್ಕರ ಯಾರಾದರೂ ಮನೆ ಬಿಡುತ್ತಾರಾ ಎಂದು ಡೈರಿಗೆ ಹಾಲು ತರುವ ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಾರೆ. ನಗಲಿ. ಕಾರಿನ ಮಾತಲ್ಲ ಅದು ಎಂದು ನನಗೂ ಗೊತ್ತು, ನಿಮಗೂ ಗೊತ್ತು. ದಿನಾ ಎರಡು ಹೊತ್ತು ಊರಿನ ಹಾಲಿಗೆಲ್ಲ ಲ್ಯಾಕ್ಟೋಮೀಟರ್ ಇಳಿಬಿಟ್ಟು, ನೀರು ಬೆರೆಸಿದವರನ್ನು ಮುಖದ ಮೇಲೆ ಕೇಳುವವಳು ನಾನು. ನನ್ನನ್ನೇ ಸುಳ್ಳಿ ಅಂದರೆ ನುಂಗಿಕೊಂಡು ಇರಲು ನನ್ನಿಂದ ಆಗುವುದಿಲ್ಲ.

ದಸರಾ ಸಮಯದಲ್ಲಿ ಕಾರನ್ನು ಗುಜರಿಯವನಿಗೆ ಕೊಟ್ಟುಬಿಡಿ ಎಂದು ಅತ್ತೆಗೆ ಫೋನ್ ಮಾಡಿದಿರಂತೆ. ಅವತ್ತು ಹೋಗಿ ಕೊಟ್ಟಿಗೆಯ ಪಕ್ಕ ಟಾರ್ಪಾಲು ಎತ್ತಿ ನೋಡಿದೆ. ಎರಡೇ ಸೀಟಿನ ನಿಮ್ಮ ಕೆಂಪು ಕಾರು ಧೂಳು ಹಿಡಿದು, ಮೊದಲಿಗಿಂತಲೂ ಗಿಡ್ಡವಾಗಿ ಕಂಡಿತು. ಸೀಟಿನ ಸಂದಿಯಲ್ಲಿ ಇಲಿ ಮರಿ ಹಾಕಿತ್ತು. ಇದನ್ನು ಗುಜರಿಗೆ ಕೊಟ್ಟರೆ ನಾನು ಸುಳ್ಳಿ ಎನ್ನುವುದು ಖಾಯಂ ಆಗಿಹೋಗುತ್ತದೆ, ಅದರ ಹೊಟ್ಟೆಯಲ್ಲಿ ಏನಾಗಿದೆ ಎಂದು ಇನ್ನು ಯಾರೂ ನೋಡುವ ಹಾಗಿಲ್ಲ ಅನ್ನಿಸಿತು. ಬೀರುವಿನಲ್ಲಿದ್ದ ನಿಮ್ಮ ರಿಪೇರಿ ಪುಸ್ತಕ ತೆಗೆದೆ. ಭಾನುವಾರಗಳಲ್ಲಿ ನೀವು ಆ ಪುಸ್ತಕ ಎದುರಿಗಿಟ್ಟುಕೊಂಡು ಕಾರಿನ ಕೆಳಗೆ ಮಲಗಿದಾಗ, ಏನದು ಎಂದು ಕೇಳಿದರೆ ನಿನಗೆ ಅರ್ಥ ಆಗಲ್ಲ ಹೋಗು ಅನ್ನುತ್ತಿದ್ದಿರಿ. ಅರ್ಥ ಆಗುತ್ತದೆ ಕಣ್ರೀ. ಚಿತ್ರಗಳಿವೆ. ನೀವು ಬಿಚ್ಚಿದ್ದಕ್ಕೆಲ್ಲ ಪೆನ್ಸಿಲ್‌ನಲ್ಲಿ ಟಿಕ್ ಹಾಕಿದ್ದೀರಿ. ಆಯಿಲ್, ಬ್ರೇಕು, ಪ್ಲಗ್ಗುಗಳಿಗೆಲ್ಲ ಟಿಕ್ ಇದೆ, ನೀರಿನ ಅಧ್ಯಾಯಕ್ಕೆ ಒಂದೂ ಇಲ್ಲ. ಬಯ್ಯಲು ಬರೆಯುತ್ತಿಲ್ಲ, ಕಂಡಿದ್ದನ್ನು ಹೇಳಿದೆ ಅಷ್ಟೆ.

ಮೊದಲ ಕಷ್ಟ ಕಾರು ಎತ್ತುವುದು. ಅಷ್ಟು ತಗ್ಗಿನ ಕಾರಿನ ಕೆಳಗೆ ನಮ್ಮ ಜಾಕು ಹೋಗಲೇ ಇಲ್ಲ. ನೀವು ಹೇಗೆ ಎತ್ತುತ್ತಿದ್ದಿರೋ ದೇವರಿಗೇ ಗೊತ್ತು. ಬೋರ್‌ವೆಲ್ ಮೋಟರ್ ಎತ್ತುವ ಅಂಕಯ್ಯನವರನ್ನು ಕೇಳಿದೆ. ಅವರು ಮೂರುಗಾಲಿನ ಕಂಬ, ಚೈನು, ಪುಲ್ಲಿ ಎಲ್ಲ ತಂದು ಕಾರಿನ ಮೂತಿಯ ಮೇಲೆ ನಿಲ್ಲಿಸಿ, ಬಾವಿಯಿಂದ ಮೋಟರ್ ಎತ್ತಿದ ಹಾಗೇ ಎತ್ತಿ ಕೆಳಗೆ ದಿಮ್ಮಿ ಕೊಟ್ಟರು. ದಾರಿಯಲ್ಲಿ ಹೋಗುವವರು ನಿಂತು, ಇಲ್ಲಿ ಎಷ್ಟು ಅಡಿಗೆ ಕಾರು ಬಿತ್ತು ಎಂದು ಕೇಳಿದರು. ಅಂಕಯ್ಯನವರು ಇನ್ನೂರು ಅಡಿ ಎಂದು ಗಂಭೀರವಾಗಿಯೇ ಉತ್ತರ ಕೊಟ್ಟರು.

ಡೈರಿ ಮುಗಿಸಿ ಬಂದು ದಿನಾ ಒಂದೆರಡು ಗಂಟೆ ಬಿಚ್ಚುತ್ತಿದ್ದೆ. ಯಾವ ಬೋಲ್ಟು ಎಲ್ಲಿಯದು ಎಂದು ಮರೆಯದ ಹಾಗೆ ಅತ್ತೆಯ ಹಪ್ಪಳದ ಡಬ್ಬದ ಮುಚ್ಚಳದಲ್ಲಿ ಚೀಟಿ ಅಂಟಿಸಿ ಇಡುತ್ತಿದ್ದೆ. ಅತ್ತೆ ಮಣೆ ಹಾಕಿಕೊಂಡು ಪಕ್ಕದಲ್ಲೇ ಕೂತು, ಕೇಳಿದ ಸ್ಪ್ಯಾನರ್ ಎತ್ತಿ ಕೊಡುತ್ತಿದ್ದರು. ತಿಂಗಳೊಳಗೆ ಹನ್ನೆರಡರದ್ದು ಯಾವುದು, ಹದಿಮೂರರದ್ದು ಯಾವುದು ಎಂದು ಕೈ ಮುಟ್ಟಿಯೇ ಹೇಳುವಷ್ಟಾದರು. ಇಂಜಿನ್ ಹೆಡ್ ಬಿಚ್ಚಿದಾಗ ಅದರ ಕೆಳಗಿನ ತೆಳು ಹಾಳೆ, ಗ್ಯಾಸ್ಕೆಟ್, ಒಂದು ಕಡೆ ಸುಟ್ಟು ಹೋಗಿದ್ದು ಕಂಡಿತು. ಹೆಡ್ಡನ್ನು ಹಳೇ ಸೀರೆಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಮಂಡ್ಯದ ಲೇತ್ ಅಂಗಡಿಗೆ ಹೋದೆ. ಕಂಡಕ್ಟರ್ ಮಗು ಎಂದುಕೊಂಡು ಇಣುಕಿ ನೋಡಿ, ಟಿಕೆಟ್ ಹರಿದು ಕೊಟ್ಟು ಮುಂದೆ ಹೋದ. ಲೇತಿನವರು ಮಟ್ಟ ಮಾಡಿ ಕೊಟ್ಟರು, ಬೆಂಗಳೂರಿನಿಂದ ಗ್ಯಾಸ್ಕೆಟ್ ತರಿಸಿದೆ, ಎಲ್ಲ ಕೂಡಿಸಿದೆ. ಸಂಕ್ರಾಂತಿಗೆ ನಾಲ್ಕು ದಿನ ಇರುವಾಗ ಕಾರು ಸ್ಟಾರ್ಟ್ ಆಯಿತು. ನಾನು ಅಳುತ್ತಾ ನಿಂತಿದ್ದೆ, ನಾಚಿಕೆ ಇಲ್ಲದೆ ಹೇಳುತ್ತೇನೆ.

ಅಂಕಯ್ಯನವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟರೆ, ನಾಲ್ಕು ಕಿಲೋಮೀಟರ್ ದಾಟುವಷ್ಟರಲ್ಲಿ ಬಾನೆಟ್ಟಿನಿಂದ ಹೊಗೆ. ಮುಳ್ಳು ನೋಡಿದೆ. ನಡುವೆ ಇತ್ತು. ಆವತ್ತು ಮಳವಳ್ಳಿಗೆ ಬರುವಾಗ ಕೆ.ಎಂ. ದೊಡ್ಡಿ ದಾಟಿದ ಮೇಲೆ ಆದದ್ದೂ ಇದೇ. “ಅಂಕಯ್ಯಣ್ಣ, ಮುಳ್ಳು ಎಲ್ಲದೆ ನೋಡಿ ಯೋಳಿ” ಅಂದೆ. ಅವರು ಕನ್ನಡಕ ಹಾಕಿಕೊಂಡು ನೋಡಿ, “ಮಧ್ಯದಲ್ಲೇ ಅದೆ ಕಣಮ್ಮ” ಅಂದರು. ನೀರಿನ ಪೈಪು ಮುಟ್ಟಲಾಗದಷ್ಟು ಸುಡುತ್ತಿತ್ತು, ಮುಳ್ಳು ಮಾತ್ರ ತನಗೇನೂ ಸಂಬಂಧವಿಲ್ಲ ಎಂಬಂತೆ ನಿಂತಿತ್ತು. ಕಬ್ಬಿನ ಗಾಡಿಗಳೆಲ್ಲ ನಮ್ಮನ್ನು ದಾಟಿ ಹೋಗುತ್ತಿದ್ದವು, ನಾನು ರಸ್ತೆ ಬದಿಯಲ್ಲಿ ನಿಂತು ನಗುತ್ತಿದ್ದೆ. ನಾನು ಸುಳ್ಳಿಯಲ್ಲ ಎನ್ನುವುದಕ್ಕೆ ಹದಿಮೂರು ತಿಂಗಳ ಮೇಲೆ ಒಬ್ಬರು ಸಾಕ್ಷಿ ಸಿಕ್ಕಿದ್ದರು.

ಆದರೆ ಯಾಕೆ ಬಿಸಿಯಾಗುತ್ತದೆ, ಮುಳ್ಳು ಯಾಕೆ ಏಳುವುದಿಲ್ಲ ಎನ್ನುವುದು ತಲೆಯಲ್ಲಿ ಕೊರೆಯುತ್ತಲೇ ಇತ್ತು. ಊಟ ಸೇರುತ್ತಿರಲಿಲ್ಲ. ಮೊದಲು ಥರ್ಮೋಸ್ಟಾಟ್ ಬಿಚ್ಚಿದೆ. ಇಂಜಿನ್ ಕಾದ ಮೇಲೆ ನೀರಿಗೆ ದಾರಿ ಬಿಡುವ ಸಣ್ಣ ಬಿರಡೆ ಅದು. ಕೆಟ್ಟಿದೆಯೋ ಇಲ್ಲವೋ ತಿಳಿಯಬೇಕಾದರೆ ಕುದಿಯುವ ನೀರಿಗೆ ಹಾಕಿ ನೋಡಿ ಎಂದು ಪುಸ್ತಕದಲ್ಲಿದೆ. ಹಾಲು ಕಾಯಿಸುವ ಪಾತ್ರೆಯಲ್ಲಿ ಹಾಕಿ ಒಲೆಯ ಮೇಲಿಟ್ಟೆ. ಅತ್ತೆ, ನಾನು ಇಬ್ಬರೂ ಪಾತ್ರೆಯೊಳಗೆ ಬಗ್ಗಿ ನೋಡುತ್ತಾ ನಿಂತೆವು. ಗುಳ್ಳೆ ಏಳುವ ಹೊತ್ತಿಗೆ ಅದು ಮೆಲ್ಲಗೆ ಬಾಯಿ ಬಿಟ್ಟಿತು. ಅತ್ತೆ ಕೈ ಮುಗಿದರು. ತಣ್ಣೀರು ಹಾಕಿದರೆ ಮುಚ್ಚಿಕೊಂಡಿತು. ಚೆನ್ನಾಗಿಯೇ ಇದೆ, ಹಾಗಾದರೆ ಅಪರಾಧಿ ಬೇರೆ ಎಲ್ಲೋ ಇದ್ದಾನೆ.

ಉಳಿದದ್ದು ರೇಡಿಯೇಟರ್. ಬಿಚ್ಚಿ, ಮೇಲಿನ ಬಾಯಿಗೆ ನಲ್ಲಿಯ ಪೈಪು ಇಟ್ಟರೆ ಕೆಳಗೆ ಬಂದದ್ದು ಬೆರಳಿನಷ್ಟು ಧಾರೆ, ಅದೂ ಹಳದಿ. ತುಕ್ಕು ಎಂದುಕೊಂಡೆ. ಸೈಕಲ್ ಕಡ್ಡಿ ತೂರಿಸಿ ಕೆದಕಿದರೆ ಗಸಿಯಂಥದ್ದು ಬಂತು. ಮುಳ್ಳಿಗೆ ಸುದ್ದಿ ಕೊಡುವ ಸೆನ್ಸರ್ ಬಿಚ್ಚಿ ನೋಡಿದೆ, ಅದರ ತುದಿಗೂ ಅದೇ ಗಸಿ ಮೆತ್ತಿ ಒಣಗಿ ಕಲ್ಲಾಗಿತ್ತು. ಬಿಸಿ ಅದಕ್ಕೆ ತಾಕದೇ ಇದ್ದರೆ ಮುಳ್ಳು ಹೇಗೆ ಏಳುತ್ತದೆ? ಮೂಸಿ ನೋಡಿದೆ. ತುಕ್ಕಿನ ವಾಸನೆ ಅಲ್ಲ, ಅಡುಗೆಮನೆಯ ವಾಸನೆ. ಹಾಲಿನವಳ ಬುದ್ಧಿ ನೋಡಿ, ಪರೀಕ್ಷೆ ಮಾಡದೆ ನಂಬುವುದಿಲ್ಲ. ಅತ್ತೆಯ ಎಲೆಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು, ಚಿಟಿಕೆ ಸುಣ್ಣ ಆ ಗಸಿಗೆ ಹಾಕಿ ಕಲಸಿದೆ. ಆರತಿ ನೀರಿನ ಹಾಗೆ ಕೆಂಪಗಾಯಿತು.

ಅರಿಶಿನ. ರೇಡಿಯೇಟರ್ ಸೋರಿದರೆ ಕಬ್ಬಿನ ಲಾರಿಯವರು ಒಂದು ಚಮಚ ಹಾಕುತ್ತಾರಂತೆ, ತೂತು ಮುಚ್ಚಿಕೊಳ್ಳುತ್ತದಂತೆ. ಇಲ್ಲಿ ಬಿದ್ದಿದ್ದು ಚಮಚವಲ್ಲ, ಬಟ್ಟಲು. ಈ ಕಾರಿನ ಕೊಳವೆಗಳು ಸಣ್ಣ, ಎಲ್ಲ ಕಟ್ಟಿಕೊಂಡಿದ್ದವು. ಕೆಂಪಗಾದದ್ದನ್ನು ತೋರಿಸೋಣ ಎಂದು ತಿರುಗಿದರೆ ಅತ್ತೆ ಎದ್ದು ಒಳಗೆ ಹೋಗುತ್ತಿದ್ದರು. ಅವರಿಗೆ ಮಂಡಿ ನೋವು, ಬಹಳ ಹೊತ್ತು ಮಣೆಯ ಮೇಲೆ ಕೂರಲಾರರು, ಅದಕ್ಕೆ. ಅವತ್ತು ರಾತ್ರಿ ಊಟ ಬೇಡ ಅಂದರು. ಅದೂ ಮಂಡಿ ನೋವಿಗೇ ಇರಬೇಕು.

ಮೂರು ವಾರ ಈ ಪತ್ರ ಬರೆಯದೆ ತಳ್ಳಿದೆ. ಗೆಲ್ಲಬೇಕು ಎಂದೇ ಕಾರು ಬಿಚ್ಚಿದವಳು ನಾನು. ಮುಳ್ಳು ನಡುವೆಯೇ ನಿಂತಿತ್ತು ಎಂದು ನಿಮ್ಮ ನೆಂಟರ ಎದುರಿಗೇ ನಿಮ್ಮ ಬಾಯಿಂದ ಹೇಳಿಸಬೇಕು ಎಂದು ಹಲ್ಲು ಕಚ್ಚಿಕೊಂಡು ಸ್ಪ್ಯಾನರ್ ತಿರುಗಿಸಿದ್ದೆ. ಈಗ ಎಲ್ಲ ಗೊತ್ತಾದ ಮೇಲೆ ಆ ಆಸೆ ಇಲ್ಲ.

ನೀವು ಕೇಳಿದ್ದನ್ನು ಬರೆದು ಕೊಡುತ್ತಿದ್ದೇನೆ. ಅರಿಶಿನ ಹಾಕಿದವಳು ನಾನೇ. ಆವತ್ತು ಬೆಳಿಗ್ಗೆ ಕಾರಿನ ಕೆಳಗೆ ನೀರು ತೊಟ್ಟಿಕ್ಕುವುದು ಕಂಡಿತು, ಹಾಕಿದೆ, ಆಮೇಲೆ ಮರೆತೆ. ಇಷ್ಟು ದಿನ ಹೇಗೆ ಮರೆತೆ ಎಂದು ಕೇಳಬೇಡಿ. ಬೇರೆ ಯಾರನ್ನೂ ಏನೂ ಕೇಳಬೇಡಿ. ಇಂಜಿನ್ ಸುಟ್ಟವಳು ನಾನು. ಇದು ನನ್ನ ಕೈಬರಹ, ಕೆಳಗೆ ನನ್ನ ಸಹಿ ಇದೆ, ಬೇಕಾದರೆ ನೆಂಟರ ಎದುರಿಗೆ ಓದಿ.

ರೇಡಿಯೇಟರ್ ತೊಳೆದು, ಸೋರುವ ಕಡೆ ಬೆಸುಗೆ ಹಾಕಿಸಿ ಕೂಡಿಸಿದ್ದೇನೆ. ಮೊನ್ನೆ ಅತ್ತೆಯನ್ನು ಕೂರಿಸಿಕೊಂಡು ವೈದ್ಯನಾಥಪುರದ ದೇವಸ್ಥಾನಕ್ಕೆ ಹೋಗಿ ಬಂದೆ. ಬಿಸಿಯಾದರೆ ಮುಳ್ಳು ಏಳುತ್ತದೆ, ಫ್ಯಾನು ತಿರುಗಿದರೆ ಇಳಿಯುತ್ತದೆ. ನೋಡುತ್ತಾ ಕೂರಲು ಬಹಳ ಚೆನ್ನಾಗಿರುತ್ತದೆ. ನಾಳೆ ಡೈರಿ ಮುಗಿದ ಮೇಲೆ ಈ ಪತ್ರ ಪೋಸ್ಟ್ ಮಾಡಲು ಮದ್ದೂರಿಗೆ ಅದರಲ್ಲೇ ಹೋಗುತ್ತೇನೆ.

ಇನ್ನು ಬನ್ನಿ. ಅತ್ತೆ ಊಟಕ್ಕೆ ಕೂತಾಗ ಬಾಗಿಲ ಕಡೆಗೇ ನೋಡುತ್ತಾರೆ. ಅವರೊಬ್ಬರಿಗೋಸ್ಕರ ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ನನಗೂ ನೀವು ಬೇಕು.

ಇಂತಿ,
ದೀಪಿಕ

ತಾ.ಕ.: ಪತ್ರವನ್ನು ಅತ್ತೆಗೆ ಓದಿ ಹೇಳಿದೆ. ತಾವೂ ನಿಮಗೆ ಎರಡು ಸಾಲು ಬರೆಯುತ್ತಾರಂತೆ. ಕೆಳಗೆ ಜಾಗ ಬಿಟ್ಟು ಡೈರಿಗೆ ಹೊರಟಿದ್ದೇನೆ.

ಸರೂಪ, ನಿಮ್ಮವ್ವ ಚಲುವಮ್ಮ ಬರೀತಿರೋದು. ನಾಕ್ನೇ ಕ್ಲಾಸಿಗೇ ಇಸ್ಕೂಲು ಬುಟ್ಟೋಳು, ಅಕ್ಸರ ಸೊಟ್ಟ ಇದ್ರೆ ನಿಧಾನ್ಕೆ ಓದ್ಕೊ. ಅರಿಸ್ನ ಸುರಿದೋಳು ಅವಳಲ್ಲ ಕಣ್ಲಾ, ನಾನು. ಅವಳು ಆ ಒತ್ನಲ್ಲಿ ಡೈರೀಲಿದ್ಲು. ಕಾರಿನ ಕೆಳ್ಗೆ ನೀರು ತೊಟ್ಟಿಕ್ತಿತ್ತು, ಒಬ್ಳೇ ಎಣ್ಮಗಳು, ದಾರೀಲಿ ಕಾರು ನಿಂತೋದ್ರೆ ಏನು ಗತಿ ಅಂತ ಒಂದು ಬಟ್ಲು ಸುರಿದ್ಬುಟ್ಟೆ. ಒಳ್ಳೇದಾಗ್ಲಿ ಅಂತ್ಲೇ ಆಕ್ದೆ. ಜಗಳ ಎರಡು ದಿನದಲ್ಲಿ ಸರಿ ಓಯ್ತದೆ ಅಂದ್ಕೊಂಡು ಸುಮ್ಕಿದ್ದೆ, ಆಮೇಕೆ ಬಾಯೇ ಬರ್ಲಿಲ್ಲ. ಸುಣ್ಣ ಕೆಂಪಾದಾಗ ನನ್ನ ಮಕ ನೋಡಿದ್ಲು, ಒಂದು ಮಾತೂ ಕೇಳ್ಲಿಲ್ಲ. ಇವತ್ತು ಕಾಗ್ದ ಓದ್ವಾಗ್ಲೂ ನನ್ನ ಕಡೆ ತಿರುಗ್ಲಿಲ್ಲ. ಇದನ್ನ ಕಂಡ್ರೆ ಅರಿದಾಕ್ತಾಳೆ, ಅದ್ಕೆ ಕವರಿಗೆ ಗೋಂದು ನಾನೇ ಅಚ್ತಿದ್ದೀನಿ. ಅವಳು ಬರ್ದು ಕೊಟ್ಲು ಅಂತ ಬರಬ್ಯಾಡ. ಸುಳ್ಳಿ ಅಂದಿದ್ದು ತಪ್ಪಾಯ್ತು ಅಂತ ನೀನು ಬರ್ದು ಕೊಡೋಂಗಿದ್ರೆ ಬಾ.