ಹಾಮಾನನ ಹೆಸರು ಬರುವ ಮುಂಚೆ

ಮ್ಯಾಂಚೆಸ್ಟರ್, ಮಂಗಳವಾರ

ಗೀಟೆಲ್ ಅಕ್ಕ,

ನಮ್ಮ ಯೆಹೂದಿ ಶಾಲೆಗಳ ವಿಶೇಷ ಮಕ್ಕಳಿಗೆ ಕಲಿಸುವ ತರಬೇತಿಗೆಂದು ಬಂದವಳು ಹೆದರಿ ಕೂತಿದ್ದೇನೆ. ಪೂರಿಮ್ ಹಬ್ಬದ ಕಥೆಯಲ್ಲಿ ದುಷ್ಟ ಹಾಮಾನನ ಹೆಸರು ಬಂದಾಗಲೆಲ್ಲ ಗಿಲಕಿ ತಿರುಗಿಸಿ ಗದ್ದಲ ಎಬ್ಬಿಸುತ್ತೇವಲ್ಲ, ಇವತ್ತು ತರಬೇತಿ ಕೊಡುವ ಹಿಂದಾ ಎನ್ನುವ ಮೇಡಂ, ಆ ಗದ್ದಲ ಮಕ್ಕಳಿಗೆ ಹೇಗಿರುತ್ತದೆಂದು ನಮಗೂ ತಿಳಿಯಲಿ ಅಂತ, ಆ ಕಥೆಯನ್ನು ನಮಗ್ಯಾರಿಗೂ ಬಾರದ ಭಾಷೆಯಲ್ಲಿ ಓದಿಸಿದರು. ಆ ಹೆಸರು ಕಿವಿಗೆ ಬೀಳುವಷ್ಟರಲ್ಲಿ ಬೆನ್ನ ಹಿಂದೆ ಗಿಲಕಿಗಳು ಕಿರುಚುತ್ತಿದ್ದವು. ನನ್ನ ಪಕ್ಕದ ಟೀಚರ್ ರೈಖಲ್, ಅಂಥ ಗಟ್ಟಿಗಿತ್ತಿ, ಮೇಜಿನ ಕೆಳಗೆ ನುಸುಳಿಬಿಟ್ಟಳು.

"ಏನಮ್ಮಾ, ಹಠಾನಾ?" ಅಂದರು ಮೇಡಂ, ನಾವು ಮಕ್ಕಳನ್ನು ಕೇಳುವ ಹಾಗೆಯೇ.

"ಹಠ ಅಲ್ಲ ಮೇಡಂ, ಎದೆನೇ ಒಡೆದುಹೋಗತ್ತೆ ಅನ್ನಿಸ್ತು."

ನಿನ್ನ ಮಗ ಝಲ್ಮಿಯೂ ಪ್ರತಿ ಹಬ್ಬಕ್ಕೆ ಬೆಂಚಿನ ಕೆಳಗೇ ಅಲ್ಲವೇ ಕೂರುವುದು? ಮಾತು ಬಾರದ ಮಗು, ಹೇಗೆ ಹೇಳೀತು? ಈ ಸಲ ಅವನನ್ನು ಎಳೆದು ಕೂರಿಸಬೇಡ.

ಹೆಸರು ಬರುವ ಮುಂಚೆಯೇ ಕೆಂಪು ಕರವಸ್ತ್ರ ಎತ್ತಿ ತೋರಿಸಿದರೆ ಇಂಥ ಮಕ್ಕಳು ಕಿವಿ ಮುಚ್ಚಿಕೊಳ್ಳಲು ಕಲಿಯುತ್ತಾರಂತೆ. ನಾಳೆ ಇಲ್ಲಿಯ ಅಂಥದೇ ಒಬ್ಬ ಪುಟ್ಟ ಹುಡುಗಿಯ ಎದುರು ನಾನೇ ಓದಬೇಕು, ಕರವಸ್ತ್ರವನ್ನೂ ನಾನೇ ಎತ್ತಬೇಕು. ನೆಗಡಿ ವಾಸಿಯಾಗಿದೆ, ಊಟ ಮಾತ್ರ ಸೇರುತ್ತಿಲ್ಲ. ಕಾರ್ಡಿನಲ್ಲಿ ಜಾಗವಿಲ್ಲ. ಕಥೆಯೇನೋ ಬಾಯಿಪಾಠ ಅಕ್ಕ, ಆದರೆ ಕೈಗಿಂತ ಮುಂಚೆ ನಾಲಿಗೆ ಓಡಿಬಿಟ್ಟರೆ ಆ ಮಗು ಇನ್ನು ನನ್ನನ್ನು ನಂಬೀತೇ?

ನಿನ್ನ ಫ್ರೇಡಾ