ಬಲಗಡೆಯ ಕೇಬಲ್

ಘಣಸೋಲಿ, ನವಿ ಮುಂಬಯಿ
ಜುಲೈ ೧೨, ಶುಕ್ರವಾರ

ಪ್ರೀತಿಯ ದಾದಾ,

ಹೇಗಿದ್ದೀಯ? ಸೊಂಟದ ನೋವು ಕಡಿಮೆಯಾಯಿತೇ? ಇಂಜಿನ್ ಕೋಣೆಯ ಸೆಕೆಯಲ್ಲಿ ಬಗ್ಗಿ ಬಗ್ಗಿ ಕೆಲಸ ಮಾಡುವವನು ಸೊಂಟದ ಪಟ್ಟಿ ಕಟ್ಟಿಕೊಳ್ಳಲು ಮರೆತೇ ಮರೆಯುತ್ತಾನೆ ಎಂದು ಆಯಿ ದಿನವೂ ಗೊಣಗುತ್ತಾಳೆ. ನಿಮ್ಮ ಹಡಗಿನ ಹೊಸ ಅಡುಗೆಯವನು ಇನ್ನೂ ಮೀನಿನ ಸಾರಿಗೆ ಸಕ್ಕರೆ ಹಾಕುತ್ತಿದ್ದಾನೆಯೇ? ಪಕ್ಕದ ಓಣಿಯ ಹುಡುಗ ಸಂದೇಶ ನಾಡಿದ್ದು ಮುಂದ್ರಾ ಬಂದರಿನಲ್ಲಿ ನಿಮ್ಮ ಹಡಗು ಹತ್ತುತ್ತಾನೆ. ಅವನ ಕೈಯಲ್ಲೇ ಈ ಕಾಗದವನ್ನೂ ಒಣ ಬೊಂಬಿಲ್ ಮೀನಿನ ಚಟ್ನಿಯನ್ನೂ ಕಳಿಸುತ್ತಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಡುಸಮುದ್ರದಿಂದ ನೀನು ಮಾಡುವ ಫೋನು ಅರ್ಧ ಕೇಳಿಸುತ್ತದೆ, ಉಳಿದರ್ಧವನ್ನು ನೀನೇ ಊಹಿಸಿಕೊಂಡು ಸಿಟ್ಟಾಗುತ್ತೀಯ. ನಾವೆಲ್ಲ ಚೆನ್ನಾಗಿದ್ದೇವೆ. ಆಯಿಯ ಕಣ್ಣಿನ ಪೊರೆ ತೆಗೆಸಿದ ಮೇಲೆ ಅವಳಿಗೆ ಮನೆಯ ಧೂಳೆಲ್ಲ ಕಾಣತೊಡಗಿದೆ, ನಮಗೆ ಉಳಿಗಾಲವಿಲ್ಲ.

ಈಗ ನಿನ್ನ ಹೆಂಡತಿಯ ಸುದ್ದಿ. ಗಾಬರಿಯಾಗಬೇಡ, ಒಳ್ಳೆಯದೇ. ನಾನು ಹರ್ಷದಾ ವಹಿನಿಯ ಕೇಬಲ್ ತಂಡ ಸೇರಿ ಈ ಮಳೆಗಾಲಕ್ಕೆ ವರ್ಷವಾಯಿತು. ಮನೆಯಲ್ಲಿ ವಹಿನಿ, ಮಹಾಪೆಯ ಡೇಟಾ ಸೆಂಟರಿನಲ್ಲಿ ಮೇಡಂ. ಅಲ್ಲಿ ನಾವು ಮಾಡುವುದೇನು ಎಂದು ನೀನು ಇದುವರೆಗೆ ಕೇಳಿಲ್ಲ, ಆದ್ದರಿಂದ ಕೇಳದೆಯೇ ಹೇಳುತ್ತೇನೆ. ಬ್ಲೇಡ್ ಸರ್ವರ್ ಎಂದರೆ ತೆಳ್ಳನೆಯ ಕಂಪ್ಯೂಟರು. ಕಪಾಟಿನಲ್ಲಿ ಪುಸ್ತಕ ನಿಲ್ಲಿಸಿದಂತೆ ಒಂದೇ ಪೆಟ್ಟಿಗೆಯಲ್ಲಿ ಒತ್ತೊತ್ತಾಗಿ ನಿಂತಿರುತ್ತವೆ. ಮುಂದಿನಿಂದ ನೋಡಿದರೆ ಮಿಣುಕು ದೀಪಗಳಷ್ಟೇ. ನಮ್ಮ ಕೆಲಸವೆಲ್ಲ ಬೆನ್ನಿನ ಕಡೆ. ಹೊರಜಗತ್ತಿನ ಜೊತೆ ಮಾತಾಡಲು ನೆಟ್‌ವರ್ಕ್ ಕೇಬಲ್, ಮಾಹಿತಿ ತುಂಬಿದ ಡಿಸ್ಕುಗಳ ಬೀರುವಿಗೆ ಹೋಗಲು ಸ್ಟೋರೇಜ್ ಕೇಬಲ್. ಎಲ್ಲವೂ ಜೋಡಿ ಜೋಡಿ: ಒಂದು ಎಡಗಡೆಯ ಸ್ವಿಚ್ಚಿಗೆ, ಇನ್ನೊಂದು ಬಲಗಡೆಯ ಸ್ವಿಚ್ಚಿಗೆ. ನಿಮ್ಮ ಹಡಗಿನಲ್ಲಿ ತಣ್ಣೀರಿನ ಪಂಪು ಎರಡಿರುತ್ತವಲ್ಲ, ಹಾಗೆಯೇ. ಒಂದು ಕೈಕೊಟ್ಟರೆ ಇನ್ನೊಂದು ನಡೆಸಿಕೊಂಡು ಹೋಗಬೇಕು. ವಹಿನಿ ಕೇಬಲ್ ಹಾಕಿದ ಪೆಟ್ಟಿಗೆಯ ಬೆನ್ನನ್ನು ನೀನೊಮ್ಮೆ ನೋಡಬೇಕು ದಾದಾ. ಯಾವುದೂ ಬಿಗಿಯಿಲ್ಲ, ಯಾವುದೂ ಜೋತುಬಿದ್ದಿಲ್ಲ, ಪ್ರತಿಯೊಂದೂ ಎಲ್ಲಿಂದ ಎಲ್ಲಿಗೆ ಹೊರಟಿದೆ ಎಂದು ಕಣ್ಣಿಗೇ ಕಾಣುತ್ತದೆ. ನನಗೆ ಜಡೆ ಹೆಣೆಯುವಾಗ ತೋರಿಸದ ಕರುಣೆಯನ್ನೆಲ್ಲ ಅವಳು ಆ ಕೇಬಲ್‌ಗಳಿಗೆ ತೋರಿಸುತ್ತಾಳೆ.

ಮಂಗಳವಾರ ಮಧ್ಯಾಹ್ನ ನಾವು ಊಟಕ್ಕೆ ಕೂತಿದ್ದಾಗ ಸರ್ವರ್ ಕೋಣೆಯ ಉಸ್ತುವಾರಿ ನೋಡುವ ಸಬ್ನಿಸ್ ಸಾಹೇಬರು ಬಂದು, ಎಡಗಡೆಯ ಸ್ಟೋರೇಜ್ ಸ್ವಿಚ್ಚಿನ ಫ್ಯಾನು ನಿಂತಿದೆ, ಬಿಸಿ ಏರುತ್ತಿದೆ, ಪುಣೆಯಿಂದ ಬೇರೆಯದು ಬರುವುದು ಸಂಜೆಗೆ ಎಂದರು. ಅವರಿಗೇನೂ ಆತಂಕವಿರಲಿಲ್ಲ. “ಹೋದ್ರೆ ಹೋಗ್ಲಿ ಬಿಡಿ, ಬಲಗಡೇದು ಇದೆಯಲ್ಲ. ಪರದೆ ಮೇಲೆ ಎಲ್ಲಾ ಪೆಟ್ಟಿಗೆಗೂ ಎರಡೆರಡು ಹಸಿರು ತೋರಿಸ್ತಿದೆ” ಎಂದರು. ವಹಿನಿ ಭಾಕರಿಯನ್ನು ಹಾಗೇ ಬಿಟ್ಟು ಎದ್ದಳು. “ತೋರಿಸ್ಲಿ ಸಾಹೇಬ್ರೇ. ನಾನೊಂದ್ಸಲ ಕೈಯಿಟ್ಟು ನೋಡ್ಕೊಂಡು ಬರ್ತೀನಿ.”

ಒಂದೊಂದೇ ಪೆಟ್ಟಿಗೆಯ ಬೆನ್ನಿಗೆ ಹೋಗಿ, ಕೇಬಲ್ಲಿನ ಮೇಲೆ ಬೆರಳಾಡಿಸುತ್ತ, ಅದು ಮುಟ್ಟುವ ತುದಿಯವರೆಗೂ ನಡೆದಳು. ಎಲ್ಲ ಸರಿಯಿತ್ತು, ಒಂದರ ಹೊರತು. ಅದರ ಎರಡೂ ಸ್ಟೋರೇಜ್ ಕೇಬಲ್‌ಗಳು ಎಡಗಡೆಯ ಸ್ವಿಚ್ಚಿಗೇ ಹೋಗಿದ್ದವು. ಹಿಂದೆಂದೋ ರಿಪೇರಿಗೆ ಬಂದವರಾರೋ ಕೈಗೆ ಸಿಕ್ಕಲ್ಲಿ ಚುಚ್ಚಿ ಹೋಗಿದ್ದರು. ಎರಡೂ ಜೀವಂತವಾಗಿದ್ದುದರಿಂದ ಪರದೆಯಲ್ಲಿ ಹಸಿರು. ಆ ಪೆಟ್ಟಿಗೆಯಲ್ಲಿದ್ದದ್ದು ಒಂದು ದೊಡ್ಡ ಆಸ್ಪತ್ರೆಯ ರಕ್ತನಿಧಿಯ ಲೆಕ್ಕ, ತುರ್ತು ವಾರ್ಡಿನ ರೋಗಿಗಳಿಗೆ ಯಾವ ಔಷಧಿ ಯಾವಾಗ ಎಂಬ ವಿವರ. ಸ್ವಿಚ್ಚು ಸತ್ತರೆ ಅಲ್ಲಿನ ಎಲ್ಲ ಪರದೆಗಳೂ ಕುರುಡು.

ಸಬ್ನಿಸ್ ಸಾಹೇಬರ ಮುಖ ಬಿಳಿಚಿಕೊಂಡಿತು. ತಕ್ಷಣ ಆಸ್ಪತ್ರೆಗೆ ಫೋನು ಮಾಡಿದರು. ಅಪಘಾತವೊಂದರ ಗಾಯಾಳುಗಳು ಆಗಷ್ಟೇ ಬಂದಿದ್ದರಂತೆ. ಎಲ್ಲ ನಿಲ್ಲಿಸಿ ಕೈಬರಹಕ್ಕೆ ಇಳಿಯಲು ಸ್ವಲ್ಪ ಹೊತ್ತು ಬೇಕು, ಈಗ ಮಾತ್ರ ನಿಲ್ಲಿಸಬೇಡಿ ಎಂದರು ಅಲ್ಲಿನವರು. ಸಾಹೇಬರು ಫೋನು ಹಿಡಿದುಕೊಂಡೇ ವಹಿನಿಯ ಕಡೆ ನೋಡಿದರು. ಅವಳು, “ನಿಲ್ಲಿಸೋದು ಬೇಡ. ಅವರು ಕಾಗದ ತಯಾರಿಟ್ಕೊಳ್ಳಲಿ, ನಾವು ದಾರಿ ಮಾಡ್ತೀವಿ. ನೀವು ಬಲಗಡೆ ಸ್ವಿಚ್ಚಲ್ಲಿ ಈ ಪೆಟ್ಟಿಗೆಗೆ ಒಪ್ಪಿಗೆ ಕೊಡಿ. ಪೆಟ್ಟಿಗೆ ಮೇಲಿರೋ ನಂಬರು ನಾನು ಓದ್ತೀನಿ, ನಿಧಾನಕ್ಕೆ ಹೊಡೀರಿ” ಎಂದಳು.

ಇದ್ದ ಕೇಬಲ್ ಬಲಗಡೆಗೆ ಎಟುಕುತ್ತಿರಲಿಲ್ಲ. ಹೊಸದನ್ನು ಮೇಲೆ ಚಾವಣಿಯಡಿ ಕೇಬಲ್‌ಗಳು ಸಾಗುವ ತಟ್ಟೆಯ ಮೂಲಕ ಹಾಯಿಸಬೇಕಿತ್ತು, ಏಣಿ ಹತ್ತಿದವಳು ನಾನು. ಒಳಗಿರುವುದು ಕೂದಲಿನಂಥ ಗಾಜಿನ ಎಳೆ, ಬಿಗಿಯಾಗಿ ಮಡಚಿದರೆ ಮುರಿಯಿತು. ಅವಸರಕ್ಕೆ ನಾನು ಜಗ್ಗಿದೆ. ಕೆಳಗಿನಿಂದ ವಹಿನಿ ಮೆಲ್ಲನೆ ಅಂದಳು: “ಎಳೀಬೇಡ ವೃಷೂ, ಮಲಗಿಸು. ಮಗು ಮಲಗಿಸ್ತೀಯಲ್ಲ, ಹಾಗೆ.” ಹಾಗೆಯೇ ತುದಿಯವರೆಗೂ ಮಲಗಿಸುತ್ತ ಹೋದೆ. ಆಮೇಲೆ ನಿಜವಾದ ಕಷ್ಟ. ಹಳೆಯ ಎರಡರಲ್ಲಿ ಒಂದನ್ನು ಕಿತ್ತು ಆ ಜಾಗಕ್ಕೆ ಹೊಸದನ್ನು ಹಾಕಬೇಕು. ಕಿತ್ತ ಗಳಿಗೆಯಿಂದ ಇಡೀ ಆಸ್ಪತ್ರೆ ನಿಂತಿರುವುದು ಒಂದೇ ಎಳೆಯ ಮೇಲೆ, ಅದೂ ಕಾದು ಸುಡುತ್ತಿರುವ ಸ್ವಿಚ್ಚಿನಲ್ಲಿ. ವಹಿನಿ ಎರಡರ ದೀಪಗಳನ್ನೂ ನೋಡುತ್ತ ನಿಂತಳು. “ವಹಿನಿ, ಬೇಗ!” ಎಂದೆ. ಅವಳು ತಿರುಗಲಿಲ್ಲ. “ಈ ಕೆಳಗಿಂದು ತಡವರಿಸ್ತಿದೆ. ಗಟ್ಟಿ ಇರೋದು ಇರ್ಲಿ, ಇದನ್ನ ತೆಗೀತೀನಿ.”

ತೆಗೆದಳು. ಹೊಸದರ ತುದಿ ಒರೆಸಿ ಕೂರಿಸಿದಳು. ದೀಪ ಹತ್ತಿತು, ಆದರೆ ಹಳದಿ. ಹಳದಿಯಲ್ಲೇ ನಿಂತಿತು. ಸಾಹೇಬರು ಕುರ್ಚಿಯಿಂದ ಅರ್ಧ ಎದ್ದಿದ್ದರು. ಅವಳು ಅದನ್ನು ಮತ್ತೆ ಹೊರತೆಗೆದು, ತುದಿಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ಯಾವ ಗಡಿಬಿಡಿಯೂ ಇಲ್ಲದೆ ಇನ್ನೊಮ್ಮೆ ಒರೆಸಿ ಒಳಗೆ ಸೇರಿಸಿದಳು. ಟಕ್ಕೆಂದು ಕೂತಿತು. ಹಸಿರು! “ಬಂತು, ಡಿಸ್ಕು ಬಂತು, ಬಲಗಡೆಯಿಂದ ಬಂತು!” ಎಂದು ಸಾಹೇಬರು ಮಕ್ಕಳ ಹಾಗೆ ಕೂಗಿದರು. ಅವರು ಹಣೆ ಒರೆಸಿಕೊಂಡು ಮುಗಿಸಿರಲಿಲ್ಲ, ಎಡಗಡೆಯ ಸ್ವಿಚ್ಚಿನ ದೀಪಗಳೆಲ್ಲ ಒಟ್ಟಿಗೆ ಆರಿದವು. ಬಲಗಡೆಯವು ಮಿನುಗುತ್ತಲೇ ಇದ್ದವು. ಆಸ್ಪತ್ರೆಗೆ ಫೋನು ಮಾಡಿ ವಿಚಾರಿಸಿದರೆ ಆ ಕಡೆಯಿಂದ ಒಂದು ಹೆಣ್ಣುದನಿ ಬೈಯಿತು: “ಎಲ್ಲಾ ಸರಿಯಾಗೇ ಇದೆಯಲ್ರೀ! ಸುಮ್ನೆ ಯಾಕೆ ಹೆದರಿಸಿದ್ರಿ?”

ಆ ಬೈಗುಳ ಕೇಳಿ ವಹಿನಿ ನೆಲದ ಮೇಲೆ ಕೂತು ನಕ್ಕಳು ನೋಡು, ಕಣ್ಣಲ್ಲಿ ನೀರು ಬರುವಷ್ಟು. ನನಗೆ ಅವಳನ್ನು ತಬ್ಬಿಕೊಳ್ಳಬೇಕೆನಿಸಿತು, ತಬ್ಬಿಕೊಂಡೆ, ಸಾಹೇಬರ ಎದುರಿಗೇ. ಅವಳು ಮಾಡಿದ್ದು ಆ ಆಸ್ಪತ್ರೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಅಂದು ಯಾರ ತೋಳಿಗೆ ಯಾವ ರಕ್ತ ಹೋಯಿತೋ ಅವರಿಗೂ ಗೊತ್ತಿಲ್ಲ. ಸಂಜೆ ಮನೆಗೆ ಬಂದು ಎಂದಿನಂತೆ ಆಯಿಯ ಕಣ್ಣಿಗೆ ಔಷಧಿ ಹಾಕಿದಳು. ನಾನು ಆಯಿಗೆ ಎಲ್ಲ ಹೇಳಿದ ಮೇಲೆ, ಆಯಿ ಎದ್ದು ಹೋಗಿ ಸೊಸೆಯ ದೃಷ್ಟಿ ತೆಗೆದಳು. ನನಗೆ ತೆಗೆಯಲಿಲ್ಲ, ಏಣಿ ಹತ್ತಿದವಳು ನಾನೇ ಆಗಿದ್ದರೂ!

ಆಯಿ ಆಶೀರ್ವಾದ ತಿಳಿಸಿದ್ದಾಳೆ. ಜೊತೆಯವರಿಗೆಲ್ಲ ನನ್ನ ನಮಸ್ಕಾರ ಹೇಳು. ಚಟ್ನಿಯನ್ನು ಒಬ್ಬನೇ ತಿಂದು ಮುಗಿಸಬೇಡ.

ನಿನ್ನ ತಂಗಿ,
ವೃಷಾಲಿ

ತಾ.ಕ.: ಸಂದೇಶ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲೇ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಹೊಸ ಕಟ್ಟಡದ ಇಡೀ ಕೇಬಲ್ ಕೆಲಸಕ್ಕೆ ನೀವೇ ಮುಖ್ಯಸ್ಥರಾಗಿ ಎಂದು ನಿನ್ನೆ ಸಾಹೇಬರು ವಹಿನಿಯನ್ನು ಕೇಳಿದರು. ಅವಳು ಆಗುವುದಿಲ್ಲ ಎಂದುಬಿಟ್ಟಳು. ಮನೆಗೆ ಬರುವ ದಾರಿಯಲ್ಲಿ ನಾನು ಬಿಡದೆ ಕಾಡಿದ್ದಕ್ಕೆ ಹೇಳಿದಳು: ನೀನು ತಿರುಗಿ ಬರುವಷ್ಟರಲ್ಲಿ ಈ ಕೆಲಸ ಬಿಟ್ಟಿರುತ್ತೇನೆ ಎಂದು, ಹಡಗು ಹತ್ತುವ ಮುಂಚೆಯೇ ಅವಳಿಂದ ಮಾತು ತೆಗೆದುಕೊಂಡಿದ್ದೀಯಂತೆ. ಕೊಟ್ಟ ಮಾತು ಅವಳು ಮುರಿಯುವವಳಲ್ಲ, ನಿನಗೂ ಗೊತ್ತು. ಸಾಹೇಬರು ಸೋಮವಾರದವರೆಗೆ ಕಾಯುತ್ತಾರೆ. ಮುಂದ್ರಾದಲ್ಲಿ ಫೋನು ಚೆನ್ನಾಗಿ ಕೇಳಿಸುತ್ತದೆ. ಆ ಮಾತನ್ನು ಅವಳಿಗೆ ವಾಪಸ್ ಕೊಟ್ಟುಬಿಡು ದಾದಾ.