ಒಂದೇ ಟಗರು

ಫೆಜ್, ಹಳೇ ಊರು
ಬುಧವಾರ ಕಳೆದ ರಾತ್ರಿ

ಪ್ರೀತಿಯ ಲಲ್ಲಾ ಬತೂಲ್ ಅತ್ತೆಗೆ ಸೊಸೆ ಇತಿಮಾದಳ ಸಲಾಮುಗಳು.

ಎರಡೂವರೆಗೆ ಎಚ್ಚರವಾಯಿತು. ಗೋಡೆಗೆ ಕಲ್ಲು ಉಜ್ಜುವ ಸದ್ದು. ಹಸಿ ಸುಣ್ಣದ ಗಾರೆಗೆ ಮೇಸ್ತ್ರಿ ತೈಬಿ ನುಣುಪುಕಲ್ಲಿನಿಂದ ಹೊಳಪು ಕೊಡುವಾಗ ಬರುತ್ತದಲ್ಲ, ಅದೇ. ತೈಬಿ ಸಂಜೆಯೇ ಮನೆಗೆ ಹೋದರು. ಸದ್ದು ಬರುತ್ತಿರುವುದು ಗೋಡೆಯ ಆಚೆಯಿಂದ, ನಿಮ್ಮ ಅತ್ತೆ ಬಾಗಿಲಿಗೆ ಇಟ್ಟಿಗೆ ಕಟ್ಟಿಸಿ ಮುಚ್ಚಿಸಿದ್ದ ಕೋಣೆಯಿಂದ.

ನೀವು ಮಗಳ ಮನೆಗೆ ಹೋದಾಗಿನಿಂದ ನನಗೆ ನಿದ್ದೆಯಿಲ್ಲ. ಕರೆ ಮಾಡಿದರೆ ನಿಮ್ಮ ಫೋನ್ ರಾತ್ರಿಯೆಲ್ಲ ಬಾಯಿ ಮುಚ್ಚಿಕೊಂಡಿರುತ್ತದೆ. ನಸುಕಿನ ಫಜ್ರ್ ನಮಾಜಿಗೆ ಎದ್ದವರು ಮೊದಲು ಅದನ್ನೇ ನೋಡುತ್ತೀರಿ ಎಂದು ಫೋನಿಗೇ ಈ ಪತ್ರ ಕಳಿಸುತ್ತಿದ್ದೇನೆ.

ಬೆಳಗಾದರೆ ಆ ಗೋಡೆ ಒಡೆಯುತ್ತಾರೆ. ಹಳೇ ಮನೆಗಳ ದುರಸ್ತಿಗೆ ಸರ್ಕಾರ ಕೊಡುವ ಅನುದಾನದ ಷರತ್ತು ನಿಮಗೂ ಗೊತ್ತು: ಮೂಲ ನಕ್ಷೆಯಲ್ಲಿದ್ದ ಬಾಗಿಲೆಲ್ಲ ತೆರೆದಿರಬೇಕು. ಮಧ್ಯಾಹ್ನ ಇಲಾಖೆಯವರು ನೋಡಲು ಬರುತ್ತಾರೆ. ಮುಚ್ಚಿದ್ದರೆ ಕೊನೆಯ ಕಂತು ಬರುವುದಿಲ್ಲ, ನಮ್ಮ ಚಾವಣಿ ಮರದ ಆಸರೆಗಳ ಮೇಲೆಯೇ ಉಳಿಯುತ್ತದೆ.

ಕೆಲಸ ಶುರುವಾಗುವ ಮುಂಚೆ ತೈಬಿ ಈ ಮನೆಗೆಂದು ಒಂದು ಟಗರು ಕೇಳಿದ್ದು ನಿಮಗೆ ನೆನಪಿರಬೇಕು. ಜಾಗದವರಿಗೆ, ಅಂದರೆ ಮನೆಯಲ್ಲಿ ನೆಲೆಸಿರುವ ಜಿನ್ನುಗಳಿಗೆ, ಕೊಡದೆ ಹಾರೆ ಮುಟ್ಟುವುದಿಲ್ಲ ಎಂದಿದ್ದರು. ನಿಮ್ಮ ಮಗ ನಕ್ಕುಬಿಟ್ಟರು. "ಅನುದಾನದಲ್ಲಿ ಟಗರಿಗೆ ಕಾಲಂ ಇಲ್ಲ ಮೇಸ್ತ್ರಿ. ಹೇಗೂ ಮಗು ಇಯಾದ್ ಹುಟ್ಟಿದ ಏಳನೇ ದಿನಕ್ಕೆ ಅವನ ಹೆಸರಲ್ಲಿ ಒಂದು ಕೊಯ್ತೀವಲ್ಲ, ಮನೆಗೂ ಅದೇ ಆಯ್ತು ಅನ್ಕೊಳ್ಳಿ."

ತೈಬಿ ನಗಲಿಲ್ಲ. "ಒಂದು ರಕ್ತಕ್ಕೆ ಒಂದೇ ಹೆಸರು, ಸೀದಿ. ಸಿಗದೇ ಇದ್ದೋರು ತಮ್ಮ ಪಾಲು ಕೇಳ್ಕೊಂಡು ಬರ್ತಾರೆ."

ನಾನು ಕಾಲೇಜು ಓದಿದವಳಲ್ಲವೇ, ಬಾಣಂತಿ ಹಾಸಿಗೆಯಲ್ಲೇ ನಕ್ಕಿದ್ದೆ.

ಈಗ ನಿಮ್ಮ ಮಗ ಝುಹೈರ್ ಅವರನ್ನು ಎಬ್ಬಿಸಿದೆ. "ಇಲಿ ಕಣೇ. ನಿದ್ದೆಗೆಟ್ಟೋಳಿಗೆ ಇಲಿನೂ ಮೇಸ್ತ್ರಿ ಥರ ಕೇಳ್ಸುತ್ತೆ" ಎಂದು ಮಗ್ಗುಲಾದರು. ಆದರೆ ಇಯಾದ್ ಎಚ್ಚರವಾಗಿದ್ದಾನೆ, ಅತ್ತೆ. ಅಳುತ್ತಿಲ್ಲ. ಆ ಗೋಡೆಯನ್ನೇ ನೋಡುತ್ತಿದ್ದಾನೆ. ಕಲ್ಲು ಒಮ್ಮೆ ಉಜ್ಜಿದರೆ ಒಮ್ಮೆ ಕಾಲು ಒದೆಯುತ್ತಾನೆ. ಸದ್ದು ತಡವಾದರೆ ಹಾಲಿಗೆ ಕಾಯುವವನಂತೆ ಕೊಸರುತ್ತಾನೆ.

ಏಳನೇ ದಿನ ಟಗರು ಕೊಯ್ಯುವಾಗ ಹೊಸ್ತಿಲಲ್ಲಿ ಕಟುಕನ ಪಕ್ಕ ನಿಂತಿದ್ದವರು ನೀವೊಬ್ಬರೇ. ಅವನು ದೇವರ ಹೆಸರು ಹೇಳುವ ಮುನ್ನ ಇದು ಯಾರ ಪಾಲಿನದು ಎಂದು ಕೇಳಿರುತ್ತಾನೆ. ನೀವು ಏನು ಹೇಳಿದಿರಿ? ಮಗುವಿನದು ಎಂದಿದ್ದರೆ, ಹಾರೆ ತಾಕುವ ಮೊದಲು ಮನೆಗೆ ಇನ್ನೊಂದು ಟಗರು ತರಿಸುತ್ತೇನೆ, ನನ್ನ ಬಳೆ ಹೋದರೂ ಸರಿ. ಮನೆಯದು ಎಂದಿದ್ದರೆ ನನ್ನ ಮಗನ ಹೆಸರಿಗೆ ರಕ್ತವೇ ಬಿದ್ದಿಲ್ಲ, ಅವನನ್ನು ಇನ್ನೂ ಯಾರೂ ಬಿಡಿಸಿಕೊಂಡಿಲ್ಲ. ಆಗ ಚಾವಣಿ ಬಿದ್ದರೂ ಬೀಳಲಿ, ಅವನನ್ನು ಎತ್ತಿಕೊಂಡು ನೀವಿದ್ದಲ್ಲಿಗೆ ಬಂದುಬಿಡುತ್ತೇನೆ. ನಾನು ಬೈಯುವುದಿಲ್ಲ. ನಿಜ ಗೊತ್ತಾದರೆ ಸಾಕು.

ನಿಮ್ಮ ಸೊಸೆ,
ಇತಿಮಾದ್

ತಾ.ಕ.: ಸದ್ದು ನಿಂತಿತು. ಇಯಾದನ ಹೊದಿಕೆ ಸರಿ ಮಾಡಲು ಹೋದೆ. ತೊಟ್ಟಿಲಲ್ಲಿ ಅವನ ಮುಷ್ಟಿಯ ಪಕ್ಕ ಒಂದು ನುಣುಪುಕಲ್ಲಿದೆ. ತೈಬಿ ತಮ್ಮದನ್ನು ದಿನವೂ ಜೇಬಿನಲ್ಲಿ ಮನೆಗೆ ಒಯ್ಯುತ್ತಾರೆ. ಇದು ಬೇರೆ, ಬಹಳ ಹಳೆಯದು, ಒಂದು ಬದಿ ಪೂರ್ತಿ ಸವೆದಿದೆ. ಎತ್ತಿಕೊಂಡೆ. ಈಗಷ್ಟೇ ಯಾರೋ ಕೈಬಿಟ್ಟಂತೆ ಬೆಚ್ಚಗಿದೆ. ಅತ್ತೆ, ನಮಾಜು ಆಮೇಲೆ ಮಾಡಿ. ಬೆಳಗಾಗುವ ಮೊದಲು ಫೋನ್ ಮಾಡಿ.